ಬಂಡೂರಿನಲ್ಲಿ ಮೊದಲ ಸಾಲು

ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಮದ್ದೂರಿನಲ್ಲಿ ಬಿಟ್ಟು ದಕ್ಷಿಣಕ್ಕೆ ತಿರುಗಿದ ಬಸ್ಸು ಮಳವಳ್ಳಿಯನ್ನು ಮುಟ್ಟುವ ಹೊತ್ತಿಗೆ ಪ್ರಯಾಣಿಕನ ಕಣ್ಣಿಗೆ ಎರಡು ಬಗೆಯ ನೆಲ ಬಿದ್ದಿರುತ್ತದೆ. ನಾಲೆಯ ನೀರು ಹರಿದ ತಗ್ಗುಗಳಲ್ಲಿ ಕಬ್ಬು, ಭತ್ತ, ಹಿಪ್ಪುನೇರಳೆ. ನೀರು ಏರದ ದಿಣ್ಣೆಗಳಲ್ಲಿ ರಾಗಿ, ಹುರುಳಿ, ಅವರೆ. ಮೊದಲನೆಯದು ಮಂಡ್ಯಕ್ಕೆ ಸಂಪತ್ತನ್ನು ತಂದ ನೆಲ. ಎರಡನೆಯದು ಅದಕ್ಕೆ ಮಾತನ್ನೂ ಹಾಡನ್ನೂ ಕೊಟ್ಟ ನೆಲ. ಬಂಡೂರಿನ ಹೆಸರು ಬೆಳೆದದ್ದು ಈ ಎರಡನೆಯ ನೆಲದ ಮೇಲೆ.

ಮಾರ್ಗಶಿರದ ಒಂದು ಮಧ್ಯಾಹ್ನ ಆ ಬಸ್ಸಿನ ಕಿಟಕಿಯ ಪಕ್ಕದಲ್ಲಿ ತರುಣನೊಬ್ಬ ಕುಳಿತಿದ್ದ. ಬೆಂಗಳೂರಿನ ಕಾಲೇಜೊಂದರ ವಿದ್ಯಾರ್ಥಿ. ಅವನ ಚೀಲದಲ್ಲಿ ಅಜ್ಜಿಗೆಂದು ತಾಯಿ ಕಳಿಸಿದ ಒಂದು ಸೀರೆ, ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯ ಒಂದು ಪ್ರತಿ, ಜೊತೆಗೆ ರಟ್ಟು ಹಾಕಿದ ಒಂದು ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ಕವಿತೆಗಳಿದ್ದವು. ಕಾಲೇಜಿನ ಕವಿಗೋಷ್ಠಿಯಲ್ಲಿ ಓದಲು ಅವುಗಳಲ್ಲಿ ಒಂದನ್ನಾದರೂ ಆರಿಸಬೇಕಾಗಿತ್ತು. ಎಷ್ಟು ಸಲ ತಿರುವಿ ಹಾಕಿದರೂ ಒಂದೂ ತನ್ನದೆನಿಸಿರಲಿಲ್ಲ. ಹಳ್ಳಿಯನ್ನು ಕುರಿತು ಇನ್ನೊಂದನ್ನು ಬರೆಯೋಣವೆಂದು ಅವನು ತಂದೆಯ ಊರಿಗೆ ಹೊರಟಿದ್ದ. ಅದೂ ಆಗದಿದ್ದರೆ ಬರೆಯುವ ಹವ್ಯಾಸವನ್ನೇ ಬಿಟ್ಟುಬಿಡುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದ.

ಅವನ ಮನಸ್ಸಿನಲ್ಲಿ ಇನ್ನೊಂದು ಸಂಗತಿಯೂ ಇತ್ತು. ಹಿಂದೊಮ್ಮೆ ಅಜ್ಜಿ ಬೆಂಗಳೂರಿಗೆ ಬಂದು ತಿಂಗಳೊಪ್ಪತ್ತು ಇದ್ದಾಗ, ಅವನ ಸ್ನೇಹಿತರು ಮನೆಗೆ ಬಂದರೆಂದರೆ ಅವಳನ್ನು ಒಳಕೋಣೆಯಲ್ಲಿ ಕೂರಿಸುತ್ತಿದ್ದ. ಅವಳ 'ಐತೆ', 'ಅವ್ನೆ', 'ಕಣ್ಲಾ' ಅವನಿಗೆ ನಾಚಿಕೆಯನ್ನುಂಟುಮಾಡುತ್ತಿದ್ದವು. ಅದು ಅವಳಿಗೆ ತಿಳಿದಿತ್ತೋ ಇಲ್ಲವೋ, ಅವಳು ಮತ್ತೆ ಬೆಂಗಳೂರಿಗೆ ಬಂದಿರಲಿಲ್ಲ.

ಒಂದಕ್ಷರದ ಅಂತರ

ಬಂಡೂರೆಂದರೆ ಹೊರಗಿನವರು ಬನ್ನೂರೆಂದು ಕೇಳಿಸಿಕೊಳ್ಳುವುದು ವಾಡಿಕೆ. ಬನ್ನೂರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಪಟ್ಟಣ. ಬಂಡೂರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಹಳ್ಳಿ. ಎರಡರ ನಡುವೆ ಇರುವುದು ಒಂದು ಒತ್ತಕ್ಷರದ ಅಂತರ. ಈ ಗೊಂದಲ ಕುರಿಗೂ ಅಂಟಿಕೊಂಡಿದೆ. ಒಂದೇ ತಳಿಯನ್ನು ಕೆಲವರು ಬಂಡೂರು ಕುರಿಯೆಂದೂ, ಕೆಲವರು ಬನ್ನೂರು ಕುರಿಯೆಂದೂ ಕರೆಯುತ್ತಾರೆ. ರಾಷ್ಟ್ರದ ತಳಿಗಳ ಪಟ್ಟಿಯಲ್ಲಿ ಅದರ ಹೆಸರು 'ಮಂಡ್ಯ'. ಹೆಸರು ಮೂರಾದರೂ ಪ್ರಾಣಿ ಒಂದೇ: ಗಿಡ್ಡ ಕಾಲು, ತುಂಬಿದ ಮೈ, ಬಿಳಿಯ ಬಣ್ಣ, ಕೆಲವಕ್ಕೆ ಮುಖದ ಮೇಲೆ ತಿಳಿಕಂದಿನ ಛಾಯೆ, ಜೋಲುವ ಕಿವಿ. ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ. ಉಣ್ಣೆ ಒರಟು, ಅದಕ್ಕೆ ಬೆಲೆ ಬಂದದ್ದು ಮಾಂಸದ ರುಚಿಯಿಂದ. ಅದನ್ನು ಕಾಪಾಡುವುದಕ್ಕಾಗಿಯೇ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ. ಬೇರೆ ತಳಿಗಳ ಬೆರಕೆಯಿಂದಲೂ ಮೇವಿನ ಬಯಲು ಕಿರಿದಾದುದರಿಂದಲೂ ಶುದ್ಧ ಬಂಡೂರು ಕುರಿ ಈಗ ಅಪರೂಪವಾಗುತ್ತಿದೆ.

ಊರುಗಳೇ ಗಣಗಳಾದಾಗ

ಬಸ್ಸಿನಲ್ಲಿ ಕುಳಿತ ತರುಣ ಹೊತ್ತು ಕಳೆಯಲು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾನು ಹಾದುಹೋಗುವ ಊರುಗಳ ಹೆಸರನ್ನು ಒಂದರ ಮುಂದೆ ಒಂದಾಗಿ ಬರೆದ: ಮದ್ದೂರು, ಮಳವಳ್ಳಿ, ಬಂಡೂರು. ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ಬನ್ನೂರು, ಅದನ್ನೂ ಸೇರಿಸಿದ. ಬರೆದು ಒಮ್ಮೆ ತುಟಿಯೊಳಗೇ ಓದಿಕೊಂಡ. ಮತ್ತೊಮ್ಮೆ ಓದಿಕೊಂಡ. ಹೆಸರುಗಳು ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುತ್ತಿದ್ದುವು.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ಕೈಗೆ ಆ ಅಭ್ಯಾಸ ಮರೆತಿರಲಿಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಸ್ವರವಿರುವ ಅಕ್ಷರ ಗುರು. ಅನುಸ್ವಾರ, ವಿಸರ್ಗಗಳು ಸೇರಿದ್ದೂ ಗುರು. ಒತ್ತಕ್ಷರದ ಹಿಂದಿನದೂ ಗುರು. 'ಮದ್ದೂರು' ಎಂಬಲ್ಲಿ ಎರಡು ಗುರು, ಒಂದು ಲಘು: ಐದು ಮಾತ್ರೆ. 'ಮಳವಳ್ಳಿ'ಯಲ್ಲಿ ಎರಡು ಲಘು, ಒಂದು ಗುರು, ಒಂದು ಲಘು: ಅದೂ ಐದು. 'ಬಂಡೂರು' ಐದು, 'ಬನ್ನೂರು' ಐದು. ಐದೈದು ಮಾತ್ರೆಯ ನಾಲ್ಕು ಗಣಗಳು ಒಂದು ಸಾಲಿನಲ್ಲಿ ಬಂದರೆ ಅದು ಲಲಿತ ರಗಳೆಯ ನಡಿಗೆ. ಪ್ರಾಸದ ಕಟ್ಟನ್ನು ಸಡಿಲಿಸಿ ಅದೇ ನಡಿಗೆಯಿಂದ ರೂಪಿಸಿಕೊಂಡ ಸರಳ ರಗಳೆಯಲ್ಲಿ ಮಾಸ್ತಿ, ಕುವೆಂಪು ಮೊದಲಾದವರು ಪದ್ಯನಾಟಕಗಳನ್ನು ರಚಿಸಿದರು. ಯಾವ ಕವಿಯೂ ಕುಳಿತು ಕಟ್ಟದ ಒಂದು ಪದ್ಯಪಾದ ಮಂಡ್ಯ ಸೀಮೆಯ ದಾರಿಯ ಮೇಲೆ ಬಿದ್ದುಕೊಂಡಿತ್ತು!

ತರುಣನಿಗೆ ಆಶ್ಚರ್ಯವಾಯಿತು. ಕಾವೇರಿ ಐದು, ಮೈಸೂರು ಐದು, ಕಿಕ್ಕೇರಿ ಐದು, ಬೆಳ್ಳೂರು ಐದು. ಮೇಲುಕೋಟೆ ಮಾತ್ರ ಮೂರು ಮೂರಾಗಿ ಒಡೆದು ಆರಾಯಿತು. ತಾನು ಇಷ್ಟು ದಿನ ಬರೆದ ಇಪ್ಪತ್ತೆರಡು ಕವಿತೆಗಳಲ್ಲಿ ಒಂದೂ ಹೀಗೆ ತಾನಾಗಿ ನಡೆದದ್ದುಂಟೇ ಎಂದು ಹಿಂದಿನ ಪುಟಗಳನ್ನು ತಿರುವಿದ. ಅಲ್ಲಿ ಭಾವವೇನೋ ಧಾರಾಳವಾಗಿತ್ತು. ಆದರೆ ಸಾಲುಗಳು ಕುಂಟುತ್ತಿದ್ದುವು.

ಕವಿತೆ ಬರೆಯತೊಡಗಿದವರಲ್ಲಿ ಅನೇಕರು ಛಂದಸ್ಸನ್ನು ಪರೀಕ್ಷೆಯ ಪೀಡೆಯೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಕಿವಿಯ ಲೆಕ್ಕ. ಕಿವಿ ಮೊದಲು ಬಂದದ್ದು, ಲೆಕ್ಕ ಆಮೇಲೆ ಬಂದದ್ದು. ಹೊಸಬನು ಇಡೀ ಶಾಸ್ತ್ರವನ್ನು ಕರಗತ ಮಾಡಿಕೊಳ್ಳಬೇಕಾದುದಿಲ್ಲ. ಮೂರು, ನಾಲ್ಕು, ಐದು ಮಾತ್ರೆಗಳ ನಡಿಗೆಯನ್ನು ಗಟ್ಟಿಯಾಗಿ ಓದಿ ಗುರುತಿಸಬಲ್ಲನಾದರೆ ಅವನಿಗೆ ಊರ ಬಾಗಿಲು ತೆರೆದಂತೆ. ಒಲ್ಲದಿದ್ದರೆ ಮುಂದೆ ಅದನ್ನು ಮುರಿಯಬಹುದು. ಆದರೆ ಮುರಿಯುವುದಕ್ಕೂ ಅದು ಕೈಯಲ್ಲಿರಬೇಕಷ್ಟೆ.

ಪ್ರಾಸದ ವಿಷಯದಲ್ಲಿ ಅವನಿಗೆ ಆದ ಅನುಭವ ಬೇರೆ. ಹಳಗನ್ನಡ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಹಿಡಿಯುತ್ತಿದ್ದರು. ಅದಕ್ಕೆ ಆರು ಜಾತಿ, ಆರಕ್ಕೂ ಪ್ರಾಣಿಗಳ ಹೆಸರು: ಸಿಂಹ, ಗಜ, ವೃಷಭ, ಶರಭ, ಅಜ, ಹಯ. ಬಿಂದುವಿನಿಂದ ಕೂಡಿದ್ದು ವೃಷಭಪ್ರಾಸ. 'ಬಂಡೂರು' ಎಂದು ಒಂದು ಸಾಲು ಮೊದಲಾದರೆ 'ಹಿಂಡು', 'ಕಂಡು', 'ಉಂಡು' ಎಂದು ಮುಂದಿನ ಸಾಲುಗಳು ಹೊರಡಬೇಕು. ತರುಣ ಬಸ್ಸಿನಲ್ಲೇ ಪ್ರಯತ್ನಿಸಿ ನೋಡಿದ. ಹಿಂಡು ಬಂತು, ಕಂಡು ಬಂತು. ನಾಲ್ಕನೆಯ ಸಾಲಿಗೆ ಬೇರೇನೂ ದೊರೆಯದೆ ಗಂಡಭೇರುಂಡ ಬಂತು. ಅದು ಬಂದ ಕೂಡಲೆ ಕುರಿಗಳೆಲ್ಲ ಓಡಿಹೋದವು. ಅವನು ನಕ್ಕು ಆ ಸಾಲುಗಳನ್ನು ಹೊಡೆದುಹಾಕಿದ.

ಮಂಡ್ಯದ ಮೂವರು, ಮಲೆನಾಡಿನ ಒಬ್ಬರು

ಪ್ರಾಸದ ಈ ಇಕ್ಕಟ್ಟಿನಿಂದ ಕನ್ನಡ ಕವಿತೆಯನ್ನು ಬಿಡಿಸಿದವರಲ್ಲಿ ಮುಖ್ಯರಾದವರ ಮನೆತನದ ಊರು ಈ ಜಿಲ್ಲೆಯಲ್ಲೇ ಇದೆಯೆಂಬುದು ಸಂತೋಷದ ಸಂಗತಿ. ಬಿ. ಎಂ. ಶ್ರೀಕಂಠಯ್ಯನವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನವರು. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದ ಅವರು ಅಲ್ಲಿನ ಭಾವಗೀತೆಗಳನ್ನು ಕನ್ನಡಕ್ಕೆ ತರಹೊರಟಾಗ ಹಳೆಯ ವೃತ್ತ, ಕಂದಗಳು ಸಾಲದಾದುವು. ಆಗ ಅವರು ಮಾತ್ರಾಗಣಗಳನ್ನೇ ಬಿಡಿಸಿ, ಹೊಸ ರೀತಿಯಲ್ಲಿ ಹೊಂದಿಸಿ, ಆಡುಮಾತಿಗೆ ಹತ್ತಿರವಾದ ಸಾಲುಗಳನ್ನು ಕಟ್ಟಿದರು. 1926ರಲ್ಲಿ ಬಂದ 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಅಂದಿನ ತರುಣ ಕವಿಗಳಿಗೆ ದಾರಿ ಕಂಡಿತು.

ಪು. ತಿ. ನರಸಿಂಹಾಚಾರ್ಯರು ಮೇಲುಕೋಟೆಯವರು. 1905ರಲ್ಲಿ ಹುಟ್ಟಿದ ಅವರ ಮೊದಲ ಸಂಕಲನ 'ಹಣತೆ' 1933ರಲ್ಲಿ ಬೆಳಕು ಕಂಡಿತು. ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದವರು. 1942ರಲ್ಲಿ 'ಮೈಸೂರ ಮಲ್ಲಿಗೆ' ಪ್ರಕಟವಾದಾಗ ಅವರಿಗೆ ಇಪ್ಪತ್ತೇಳು ವರ್ಷ. ಸರ್ಕಾರಿ ಕಚೇರಿಯ ಗುಮಾಸ್ತೆಯಾಗಿ ದುಡಿದ ಈ ಕವಿ, ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಕವಿಯ ಪ್ರೇಮಗೀತೆಗಳನ್ನು ಕನ್ನಡಿಸಿದರು. ಬರ್ನ್ಸ್ ತನ್ನ ಸೀಮೆಯ ಆಡುನುಡಿಯಲ್ಲೇ ಹಾಡಿದ ರೈತಕವಿ. ಅವನನ್ನು ಮೆಚ್ಚಿದ ನರಸಿಂಹಸ್ವಾಮಿಯವರು ಸ್ಕಾಟ್ಲೆಂಡಿನ ಹೂವನ್ನು ಕನ್ನಡಕ್ಕೆ ತಂದು ನೆಡಲಿಲ್ಲ; ಮಾವನ ಮನೆ, ಪದುಮಳು, ಬಳೆಗಾರ, ಹಳ್ಳಿಯ ದಾರಿ, ಇವುಗಳನ್ನೇ ಹಾಡಾಗಿಸಿದರು. ಆ ಪುಸ್ತಕ ಮದುವೆಯ ಮನೆಗಳಲ್ಲಿ ಉಡುಗೊರೆಯಾಗಿ ಸಲ್ಲುವಂತಾದುದಕ್ಕೆ ಇದೇ ಕಾರಣವಿರಬೇಕು.

ಹೊಸದಾಗಿ ಬರೆಯುವವರು ನೆನೆಯಬೇಕಾದ ಇನ್ನೊಂದು ಪ್ರಸಂಗ ಮೈಸೂರಿನಲ್ಲಿ ನಡೆದದ್ದು. ಮಲೆನಾಡಿನ ಕುಪ್ಪಳಿಯಿಂದ ಓದಲು ಬಂದ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಪದ್ಯ ಬರೆದು, 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಪುಸ್ತಿಕೆಯನ್ನು ಹೊರತಂದ. ಆರಂಭಿಕನ ಕಾವ್ಯದೇವಿ ಎಂಬ ಅರ್ಥದ ವಿನಯದ ಹೆಸರು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಆ ತರುಣನ ಪದ್ಯಗಳನ್ನು ನೋಡಿ, ನಿಮ್ಮ ಮಾತೃಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ವಿಚಾರಿಸಿ, ಅದರಲ್ಲೇ ಬರೆಯುವಂತೆ ಬುದ್ಧಿ ಹೇಳಿದರು. ಆ ತರುಣ ಕನ್ನಡಕ್ಕೆ ತಿರುಗಿದ. 1930ರಲ್ಲಿ 'ಕೊಳಲು' ಸಂಕಲನ ಬಂತು. ಮುಂದೆ ಅವರೇ ರಾಷ್ಟ್ರಕವಿ ಕುವೆಂಪು ಆದರು. ಇಂಗ್ಲಿಷ್ ಪದ್ಯಗಳು ವ್ಯರ್ಥವಾದುವೆಂದು ಹೇಳುವ ಹಾಗಿಲ್ಲ. ಅವು ಕೈ ಪಳಗಿಸಿದುವು. ಆದರೆ ಕಿವಿಯಲ್ಲಿ ಬಾಲ್ಯದಿಂದ ತುಂಬಿದ್ದ ಮಾತು ಇನ್ನೂ ಮುಟ್ಟದೆ ಉಳಿದಿತ್ತು.

ಈ ಸಂಗತಿಗಳೆಲ್ಲ ಬಸ್ಸಿನ ತರುಣನಿಗೆ ಪಾಠದ ಪುಸ್ತಕಗಳಿಂದ ತಿಳಿದಿದ್ದುವು. ಅವು ತನಗೂ ಅನ್ವಯಿಸುತ್ತವೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಅವನು ಬರೆಯುತ್ತಿದ್ದುದು ಕನ್ನಡದಲ್ಲಿಯೇ ಅಲ್ಲವೇ?

ಇದು ಯಾವೂರ್ದು?

ಬಂಡೂರಿನ ಮನೆಯಲ್ಲಿ ಜಗಲಿಯ ಮೇಲೆ ಅಜ್ಜಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. ಕಣದಲ್ಲಿ ರಾಗಿಯ ಮೆದೆ ಎದ್ದಿತ್ತು. ಮೊಮ್ಮಗ ಬಂದನೆಂದು ಅವಳು ಎದ್ದು ಬಿಸಿನೀರು ಕಾಯಿಸಿ, ಮುದ್ದೆ, ಸೊಪ್ಪಿನ ಸಾರು ಬಡಿಸಿ, ಅವನು ಉಂಡು ಏಳುವವರೆಗೆ ಎದುರಿಗೇ ಕುಳಿತಿದ್ದಳು. ಬಳಿಕ ಅವನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿ ಕೇಳಿದಳು:

"ಅದೇನ್ ಮಗ ಅದು, ಪರೀಕ್ಸೆ ಬುಕ್ಕಾ?"

"ಅಲ್ಲ ಅಜ್ಜಿ, ಪದ್ಯ ಬರೀತೀನಿ."

"ಪದಾನಾ? ಯೋಳು ಮತ್ತೆ, ನಾನೂ ಕೇಳ್ಬೇಡ್ವಾ?"

ಅವನು ಇದ್ದುದರಲ್ಲಿ ಚೆನ್ನಾದ ಒಂದನ್ನು ಆರಿಸಿದ. ಅದರ ಹೆಸರು 'ಗ್ರಾಮಮಾತೆ'. ಅದರಲ್ಲಿ ಮಾಮರವಿತ್ತು, ಕೋಗಿಲೆಯಿತ್ತು, ಮುಗಿಲಿನ ತುಣುಕುಗಳಂತೆ ಚದುರಿದ ಕುರಿಗಳಿದ್ದುವು, ಪಾವನ ಸಮೀರವಿತ್ತು. ಅಜ್ಜಿ ಕೈಯ ಕೆಲಸವನ್ನು ನಿಲ್ಲಿಸಿ ಕೊನೆಯವರೆಗೆ ಕೇಳಿದಳು. ಆಮೇಲೆ ಮೊಮ್ಮಗನಿಗೆ ನೋವಾಗಬಾರದೆಂಬಂತೆ ಮೆಲ್ಲಗೆ ಹೇಳಿದಳು:

"ಚೆಂದಾಗದೆ ಕಣ್ ಮಗ. ಆದ್ರೆ ಇದು ಯಾವೂರ್ದು?"

ತರುಣ ಉತ್ತರ ಕೊಡಲಿಲ್ಲ. ಯಾವ ಊರಿನದೂ ಅಲ್ಲವೆಂಬುದು ಅವನಿಗೆ ಆ ಕ್ಷಣದಲ್ಲಿ ತಿಳಿಯಿತು. ರಾಗಿಯ ಸುಗ್ಗಿಯಲ್ಲಿ ಕೋಗಿಲೆ ಕೂಗುವ ಊರು ಅದು. ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದ ಊರು.

ಕುರಿಯ ಬೆನ್ನ ಹಿಂದೆ

ಸಂಜೆ ಅವನು ಮಂದೆಯ ಕಡೆ ಹೋದ. ನೆರೆಮನೆಯ ಮುದುಕನೊಬ್ಬ ಕಂಬಳಿ ಹೊದ್ದು, ಕೋಲಿಗೆ ಗದ್ದವೂರಿ, ದಿಣ್ಣೆಯ ಮೇಲೆ ಕುರಿ ಕಾಯುತ್ತಿದ್ದ. ಕುರಿಗಳು ಮೋಡದಂತಿವೆಯಲ್ಲವೇ ಎಂದು ತರುಣ ಮಾತಿಗೆ ಮೊದಲು ಮಾಡಿದ. ಮುದುಕ ಅವನನ್ನೂ ಆಕಾಶವನ್ನೂ ನೋಡಿದ.

"ಮೋಡ ಅಂದ್ರೆ ಎಲ್ಲಾ ಒಂದೇಯ ಕಣಪ್ಪ. ಕುರಿ ಅಂಗಲ್ಲ. ನಿಮ್ಮಜ್ಜಿ ಕುರಿ ಯಾವ್ದು ಯೋಳು ನೋಡಾನ?"

ತರುಣನಿಗೆ ತಿಳಿಯಲಿಲ್ಲ. ಮುದುಕ ಒಂದು ಟಗರಿನ ಹಿಂದೆ ಅವನನ್ನು ನಿಲ್ಲಿಸಿದ. ಹಿಂದಿನಿಂದ ನೋಡಿದರೆ ಎರಡು ತೊಡೆಗಳ ನಡುವಿನ ಆಕಾರ ಲಾಳವನ್ನು ಬೋರಲಾಗಿ ನಿಲ್ಲಿಸಿದಂತೆ ಕಾಣುತ್ತಿತ್ತು. ಅಪ್ಪಟ ಬಂಡೂರಿನ ಗುರುತು ಅದೇ ಎಂದು ಮುದುಕ ವಿವರಿಸಿದ. ಕೆಲವು ಕುರಿಗಳ ಕೊರಳಲ್ಲಿ ಎರಡು ಚಿಕ್ಕ ಮಾಂಸದ ತೊಂಗಲುಗಳು ತೂಗುತ್ತಿದ್ದುವು. ಸಂಸ್ಕೃತ ಬಲ್ಲವರು ನಿಷ್ಪ್ರಯೋಜಕ ವಸ್ತುವಿಗೆ ಆಡಿನ ಕೊರಳ ಮೊಲೆಯನ್ನು ಉದಾಹರಿಸುತ್ತಾರೆ; ತರುಣನೂ ಆ ಮಾತನ್ನು ಕೇಳಿದ್ದ. ಆದರೆ ಮುದುಕನಿಗೆ ಅದು ನಿಷ್ಪ್ರಯೋಜಕವಾಗಿರಲಿಲ್ಲ. ಒಂದಕ್ಕೆ ಎರಡೂ ಸಮ, ಇನ್ನೊಂದಕ್ಕೆ ಎಡಗಡೆಯದು ಗಿಡ್ಡ. ಕತ್ತಲಲ್ಲಿ ಕೈಯಾಡಿಸಿ ಕುರಿಯನ್ನು ಗುರುತಿಸಲು ಅವನಿಗೆ ಅಷ್ಟು ಸಾಕು.

ಕವಿತೆಗೆ ಕೂರುವವರೆಲ್ಲರೂ ಹೋಲಿಕೆಗಾಗಿ ತಡಕುತ್ತಾರೆ. ಕುರಿಯನ್ನು ಕಂಡ ಕೂಡಲೆ ಮೋಡದ ಕಡೆಗೆ ಓಡುವವನು ಕುರಿಯನ್ನು ಕಂಡಿರುವುದಿಲ್ಲ. ನೋಟ ಮೊದಲು, ಹೋಲಿಕೆ ಆಮೇಲೆ. ನೋಡುತ್ತ ನಿಂತರೆ ಹೋಲಿಕೆಯೇ ಬೇಡವಾಗುವುದೂ ಉಂಟು. ನಿಸಾರ್ ಅಹಮದರು ಕುರಿಯನ್ನೇ ಪ್ರತಿಮೆಯಾಗಿಸಿ ಮನುಷ್ಯರ ಮಂದೆತನವನ್ನು ಛೇಡಿಸಿದ ಕವಿತೆಯನ್ನು ಕನ್ನಡಿಗರೆಲ್ಲ ಬಲ್ಲರು. ತಲೆ ತಗ್ಗಿಸಿ ಒಂದರ ಹಿಂದೆ ಒಂದು ಸಾಗುವ ಅದರ ಗುಣವನ್ನು ಕಣ್ಣಾರೆ ಹಿಡಿದುದರಿಂದಲೇ ಅಲ್ಲಿನ ವ್ಯಂಗ್ಯ ನಾಟಿತು.

ಬೀಸುವ ಕಲ್ಲಿನ ಪಾಠ

ರಾತ್ರಿ ಊಟವಾದ ಮೇಲೆ ಮೊಮ್ಮಗ ಅಜ್ಜಿಯನ್ನು ಪದ ಹೇಳೆಂದು ಕೇಳಿದ. ಅವಳು ಮೊದಲು ಒಲ್ಲೆನೆಂದಳು. "ಕಲ್ಲಿಲ್ದೆ ಬಾಯ್ಗೆ ಬರಾಕಿಲ್ಲ ಕಣ್ಲಾ" ಎಂದಳು. ಹಿಟ್ಟಿನ ಗಿರಣಿ ಬಂದ ಮೇಲೆ ಹಿತ್ತಿಲಿನಲ್ಲಿ ಮೂಲೆ ಸೇರಿದ್ದ ಬೀಸುವ ಕಲ್ಲನ್ನು ಅವನೇ ತೊಳೆದು ತಂದಿಟ್ಟ. ಅವಳು ಗೂಟವನ್ನು ಹಿಡಿದು ಎರಡು ಸುತ್ತು ತಿರುಗಿಸಿದಳು. ಮೂರನೆಯ ಸುತ್ತಿಗೆ ಪದ ಬಂತು.

ಬೀಸುವ ಪದಗಳು ಬಹುಮಟ್ಟಿಗೆ ತ್ರಿಪದಿಗಳು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಷ್ಟು ಹಿಂದೆಯೇ, ಈ ಛಂದಸ್ಸು ಕಲ್ಲಿನ ಮೇಲೆ ಕಾಣಿಸಿಕೊಂಡಿತು. ಸರ್ವಜ್ಞ ಅದನ್ನೇ ಹಿಡಿದು ನಾಡನ್ನೆಲ್ಲ ಸುತ್ತಿದ. ಮೂರು ಸಾಲು, ಹನ್ನೊಂದು ಗಣ: ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಕೊನೆಯದರಲ್ಲಿ ಮೂರು. ಆರನೆಯ ಮತ್ತು ಹತ್ತನೆಯ ಗಣಗಳು ಚಿಕ್ಕವು. ಹಾಡುವಾಗ ಎರಡನೆಯ ಸಾಲಿನ ಒಂದಂಶವನ್ನು ಮರಳಿ ಹಿಡಿದು ಮೂರನೆಯದಕ್ಕೆ ಇಳಿಯುವುದು ವಾಡಿಕೆ. ಇಲ್ಲಿ ಮಾತ್ರೆಯನ್ನು ಕಟ್ಟುನಿಟ್ಟಾಗಿ ಎಣಿಸುವಂತಿಲ್ಲ. ಅಕ್ಷರವನ್ನು ಹಾಡು ಎಳೆಯುತ್ತದೆ, ಕುಗ್ಗಿಸುತ್ತದೆ. ಇದೇ ಅಂಶಗಣದ ಗುಟ್ಟು. ತರುಣ ಪುಸ್ತಕದಲ್ಲಿ ಎಷ್ಟು ಓದಿದರೂ ಅರ್ಥವಾಗದಿದ್ದುದು ಕಲ್ಲು ತಿರುಗುವುದನ್ನು ನೋಡಿದಾಗ ಅರ್ಥವಾಯಿತು: ಗಣ ಚಿಕ್ಕದಾದ ಕಡೆ ಅಜ್ಜಿಯ ದನಿ ತುಸು ನಿಂತು ಮತ್ತೆ ಸಾಗುತ್ತಿತ್ತು.

ಕ್ರಮವಾಗಿ ಓದು ಕಲಿಯದಿದ್ದರೂ ಕಾವ್ಯದ ಬಳಕೆಯಲ್ಲಿ ನುರಿತ ಜನ ಕನ್ನಡ ನಾಡಿನವರೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕೊಂಡಾಡಿತು. ಆ ಹೊಗಳಿಕೆಯನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದ ತರುಣ, ಅದು ಯಾರನ್ನು ಕುರಿತದ್ದೆಂದು ಈ ರಾತ್ರಿ ಕಂಡುಕೊಂಡ. ಬೆಂಗಳೂರಿನ ಒಳಕೋಣೆ ಅವನ ನೆನಪಿಗೆ ಬಂತು.

ಕಬ್ಬಿಣದ ಭಿಕ್ಷೆ

ಮಳವಳ್ಳಿಯ ಸೀಮೆ ಹಾಡಿನ ಸೀಮೆ. ಈ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ತಂಬೂರಿ, ಗಗ್ಗರ ಹಿಡಿದ ನೀಲಗಾರರು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿಯ ಮಹಾಕಾವ್ಯ ಬಾಯಿಂದ ಬಾಯಿಗೆ ಬಂದದ್ದು. ಅದೂ, ದೇವರಗುಡ್ಡರ ಮಾದೇಶ್ವರನ ಕಥೆಯೂ ಮಳವಳ್ಳಿ ಮಹದೇವಸ್ವಾಮಿಯವರ ಕಂಠದಿಂದ ಧ್ವನಿಸುರುಳಿಗಳ ಮೂಲಕ ನಗರಗಳನ್ನೂ ಮುಟ್ಟಿದುವು. ಆ ಕಾವ್ಯದಲ್ಲಿ ಒಂದು ಪ್ರಸಂಗವಿದೆ. ಗುರುವಿನ ಅಪ್ಪಣೆಯಂತೆ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಅವರು ಕೊಡಲೊಲ್ಲದೆ ಅವನನ್ನು ಕಠಿಣವಾದ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಎಲ್ಲವನ್ನೂ ಗೆದ್ದೇ ಅವನು ಕಬ್ಬಿಣವನ್ನು ಪಡೆಯಬೇಕಾಗುತ್ತದೆ. ಹಲಗೂರು ಇದೇ ತಾಲ್ಲೂಕಿನ ಊರು.

ಕವಿತೆ ಕಲಿಯುವವನ ಪಾಡೂ ಇದಕ್ಕೆ ದೂರವಲ್ಲ. ಪದವೆಂಬ ಕಬ್ಬಿಣವನ್ನು ಅವನು ಬೇಡಿಯೇ ತರಬೇಕು, ಅದೂ ಹತ್ತಿರದ ಊರಿನಿಂದಲೇ ತರಬೇಕು. ಮರುದಿನ ಬೆಳಗಿನಿಂದ ತರುಣ ಆ ಭಿಕ್ಷೆಗೆ ಹೊರಟ. ರೊಪ್ಪ, ಮಂದೆ, ಮೆಳೆ, ಮೆದೆ, ಹಿಕ್ಕೆ. ಕೇಳಿದ ಮಾತುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮಳವಳ್ಳಿ ತಾಲ್ಲೂಕಿನದೇ ಆದ ಕಿರುಗಾವಲಿನಲ್ಲಿ ರೈತಕುಟುಂಬವೊಂದು ದೇಸಿ ಭತ್ತದ ನೂರಾರು ತಳಿಗಳನ್ನು ವರ್ಷವರ್ಷವೂ ಬಿತ್ತಿ ಉಳಿಸಿಕೊಂಡಿರುವುದು ಪ್ರಸಿದ್ಧವಾಗಿದೆ. ಬಿತ್ತದೆ ಪೆಟ್ಟಿಗೆಯಲ್ಲಿಟ್ಟ ಬೀಜ ಬಹುಕಾಲ ಬಾಳದು. ಮಾತಿನ ಧರ್ಮವೂ ಇದೇ. ಶುದ್ಧ ತಳಿಯ ಕುರಿ ಕಡಮೆಯಾದಂತೆ ಅದರ ಅಂಗಾಂಗಗಳಿಗಿದ್ದ ಹೆಸರೂ ನಾಲಗೆಯಿಂದ ಜಾರುತ್ತದೆ. ಗಿರಣಿ ಬಂದಲ್ಲಿ ಬೀಸುವ ಪದ ನಿಲ್ಲುತ್ತದೆ. ಗಿರಣಿಯನ್ನು ಬೇಡವೆನ್ನಲು ಯಾರಿಗೆ ತಾನೆ ಬಾಯಿ ಬಂದೀತು? ಬೆಳಗಿನ ಜಾವದಲ್ಲೆದ್ದು ಸೇರುಗಟ್ಟಲೆ ರಾಗಿ ಬೀಸಿದವಳ ರಟ್ಟೆಗೆ ಗೊತ್ತು ಅದರ ಬೆಲೆ. ಆದರೆ ಕಲ್ಲು ನಿಂತ ಮೇಲೆ ಪದಕ್ಕೆ ಬೇರೊಂದು ಮನೆಯನ್ನು ಕಟ್ಟಿಕೊಡಬೇಕಾದ ಹೊಣೆ ಓದುಬರಹ ಬಲ್ಲ ಮೊಮ್ಮಕ್ಕಳದು.

ನಗರದ ಕಿವಿಗೆ ಒರಟೆನಿಸುವ ಈ ಮಾತು ಸಾಹಿತ್ಯಕ್ಕೆ ಸಲ್ಲದೆಂಬ ಅಳುಕು ಯಾರಿಗೂ ಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿ ಹುಟ್ಟಿ ವೈದ್ಯರಾಗಿದ್ದ ರಾಮಣ್ಣನವರು ಮಂಡ್ಯದ ನುಡಿಯನ್ನು ಸಣ್ಣಕತೆಗೆ ತಂದರು. ದೇವನೂರ ಮಹಾದೇವರ 'ಕುಸುಮಬಾಲೆ' ನೆರೆಯ ನಂಜನಗೂಡು ಸೀಮೆಯ ಆಡುನುಡಿಯಲ್ಲೇ ಬರೆದದ್ದು. ಅದಕ್ಕೆ 1990ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಎಣಿಕೆ

ಹೊರಡುವ ಹಿಂದಿನ ಸಂಜೆ ಮಂದೆ ಮನೆಗೆ ಬಂತು. ಅಜ್ಜಿ ರೊಪ್ಪದ ಬಾಗಿಲಲ್ಲಿ ನಿಂತು ತನ್ನ ಒಂಬತ್ತು ಕುರಿಗಳನ್ನು ಎಣಿಸಿದಳು. ಸಂಖ್ಯೆಯಿಂದಲ್ಲ, ಹೆಸರಿನಿಂದ. ಕೆಂಪಿ ಬಂದ್ಲು, ಗಿಡ್ಡಿ ಬಂದ್ಲು, ಜೋಲುಗಿವಿ ಬಂದ. ಒಂಬತ್ತೂ ಬಂದಿದ್ದುವು. ಆದರೂ ಅವಳು ಬಾಗಿಲು ಹಾಕದೆ ಮತ್ತೊಮ್ಮೆ ಎಣಿಸಿದಳು.

"ಎಲ್ಲಾ ಬಂದ್ವಲ್ಲ ಅಜ್ಜಿ" ಎಂದ ಮೊಮ್ಮಗ.

"ಬಂದವೆ ಕಣ್ ಮಗ. ನಿಮ್ಮಪ್ಪ ಬೆಂಗ್ಳೂರ್ಗೆ ಹೋದ ವರ್ಸದಿಂದ ನಂಗೆ ಎಣ್ಕೆ ಒಂದೇ ಸಲಕ್ಕೆ ಕೂಡಾಕಿಲ್ಲ."

ಅವಳು ಇದನ್ನು ನಗುತ್ತಲೇ ಹೇಳಿ ಅಗಣಿ ಹಾಕಿದಳು. ತರುಣ ಒಳಗೆ ಬಂದು ದೀಪದ ಬಳಿ ಕುಳಿತ. ಮೊದಲೆರಡು ಸಾಲು ತಡೆಯಿಲ್ಲದೆ ಬಂದುವು. ಬಸ್ಸಿನಲ್ಲಿ ಊರುಗಳ ಹೆಸರು ಕಲಿಸಿದ ಐದು ಮಾತ್ರೆಯ ನಡಿಗೆ ಇನ್ನೂ ಕಿವಿಯಲ್ಲಿತ್ತು. 'ಹೆಸರು ಹಿಡಿದು' ಎಂದು ಬರೆಯಹೋದರೆ ಒಂದು ಮಾತ್ರೆ ಹೆಚ್ಚುತ್ತಿತ್ತು. ಅಜ್ಜಿಯ ಬಾಯಲ್ಲಿ ಅದು 'ಹೆಸರಿಡಿದು'. ಅದೇ ಸರಿಯಾಗಿ ಕೂತಿತು. ಅವಳ ಯಾವ ಮಾತಿಗೆ ಅವನು ನಾಚಿದ್ದನೋ ಅದೇ ಅವನ ಸಾಲನ್ನು ನೆಟ್ಟಗೆ ಮಾಡಿತು. ಮೂರನೆಯದರಲ್ಲಿ 'ಅವಳಿನ್ನೂ' ಎಂದು ಬರೆದು ಗಟ್ಟಿಯಾಗಿ ಓದಿದಾಗ ನಡಿಗೆ ತೊಡರಿತು. ದೀರ್ಘವನ್ನು ಹ್ರಸ್ವ ಮಾಡಿದ. ಹೀಗೆ ಮೂರು ಸಾಲಾಯಿತು:

ಬಂಡೂರ ಸಂಜೆಯಲಿ ಮಂದೆ ಮನೆ ಸೇರಿರಲು
ಅಜ್ಜಿ ನಿಂತೆಣಿಸಿದಳು ಒಂದೊಂದ ಹೆಸರಿಡಿದು.
ಒಂದು ಮರಿ ಬರಲಿಲ್ಲ, ಅವಳಿನ್ನು ಮಲಗಿಲ್ಲ.

ಇದು ಮಹಾಕಾವ್ಯವಲ್ಲ, ಪ್ರಾಸವೂ ಇಲ್ಲ, ಹೋಲಿಕೆಯೂ ಇಲ್ಲ. ಬಲ್ಲವರು ತಪ್ಪು ಹುಡುಕಿದರೆ ಸಿಕ್ಕೀತು. ಆದರೆ ಇದರಲ್ಲಿ ಒಂದು ಊರಿದೆ, ಕಣ್ಣಿನಿಂದ ಕಂಡ ಒಂದು ಸಂಗತಿಯಿದೆ, ಕಿವಿಯಿಂದ ಕೇಳಿದ ಒಂದು ಮಾತಿದೆ, ಕಾಣದ ಒಂದು ಮರಿಯೂ ಇದೆ. ಹೊಸಬನೊಬ್ಬನ ಮೊದಲ ಗಳಿಕೆಗೆ ಇಷ್ಟು ಸಾಲದೆ?

ಮರುದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸುವ ಮುನ್ನ ಅವನು ಅದನ್ನು ಅಜ್ಜಿಗೆ ಓದಿ ಹೇಳಿದ. ಅವಳು ಈ ಸಲ ಯಾವ ಊರಿನದೆಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನ ಮುಖವನ್ನೇ ನೋಡುತ್ತ ಕೇಳಿದಳು:

"ಆಮ್ಯಾಕೆ ಸಿಕ್ತಾ ಮಗ, ಆ ಮರಿ?"

ನಾಲ್ಕನೆಯ ಸಾಲು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಮುಂದಿನ ತಿಂಗಳು ಬಂದು ಹೇಳುವೆನೆಂದು ಮಾತು ಕೊಟ್ಟು, ಆಗ ಅವಳನ್ನೂ ಬೆಂಗಳೂರಿಗೆ ಕರೆದೊಯ್ಯುವೆನೆಂದ. ಅಜ್ಜಿ ಏನೂ ಹೇಳದೆ ಅವನ ಚೀಲಕ್ಕೆ ಒಂದು ಗಂಟು ಅವರೆಕಾಯಿ ತುರುಕಿದಳು. ಬಸ್ಸು ಮಳವಳ್ಳಿಯ ಕಡೆಗೆ ತಿರುಗುವವರೆಗೂ ಅವಳು ದಾರಿಯ ಅಂಚಿನಲ್ಲಿ ನಿಂತಿದ್ದಳು.